ಬರೀ ಕಲ್ಲಿನ ಮೇಲೆ ಒಂದು ಹನಿ

ಮಕಾಸ್ಸರ್
೧೪ ಜೂನ್ ೨೦೦೯

ಪೂಜ್ಯ ಅಪ್ಪನವರಿಗೆ,

ನೆರೆಮನೆಯಮ್ಮ ಬು ತುಗಿನೆಮ್ ಅವರ ಫೋನಿಗೆ ಮೂರು ಸಲ ಕರೆ ಮಾಡಿದೆ. ಮೂರು ಸಲವೂ ಅವರು, "ನಿಮ್ಮಪ್ಪ ಸುತ್ತಿಗೆ ಹಿಡ್ಕೊಂಡು ಕೂತವ್ರೆ ಕಣಮ್ಮ, ಪಕ್ಕದಲ್ಲಿ ಸಿಡಿಲು ಬಿದ್ರೂ ಕೇಳ್ಸಲ್ಲ" ಎಂದರು. ನಲವತ್ತು ವರ್ಷ ಬೆಳ್ಳಿ ಬಡಿದ ಕಿವಿಗೆ ಫೋನಿಗಿಂತ ಕಾಗದವೇ ವಾಸಿ ಎಂದು ಬರೆಯಲು ಕೂತಿದ್ದೇನೆ.

ಸುದ್ದಿ ಒಳ್ಳೆಯದು. ನೀವು ಕಳಿಸಿದ ಬೆಳ್ಳಿಯ ಚೂರುಗಳನ್ನು ಆಮ್ಲದಲ್ಲಿ ಕರಗಿಸಿ, ವೀಳ್ಯದೆಲೆಯ ಕಷಾಯ ಬೆರೆಸಿ, ಕೂದಲೆಳೆಯ ಸಾವಿರದಲ್ಲೊಂದು ಪಾಲಿಗಿಂತ ಸಣ್ಣ ಕಣಗಳನ್ನು ಮಾಡಿದೆವು. ನ್ಯಾನೊ ಕಣ ಅನ್ನುತ್ತಾರೆ. ಗಾಯ ಕೊಳೆಸುವ ಸೂಕ್ಷ್ಮಜೀವಿಗಳನ್ನು ಅವು ಕೊಲ್ಲುತ್ತವೆ ಎಂಬುದು ಹೋದ ವರ್ಷವೇ ಖಚಿತವಾಗಿತ್ತು. ಉಳಿದದ್ದು ನನ್ನ ಪಾಲಿನ ಪ್ರಶ್ನೆ: ಸೂಕ್ಷ್ಮಜೀವಿಯನ್ನು ಕೊಲ್ಲುವ ಬೆಳ್ಳಿ ಮನುಷ್ಯನ ಚರ್ಮವನ್ನು ಉಳಿಸುತ್ತದೆಯೇ?

ನಮ್ಮ ಹತ್ತಿರ ಗುಳಿಕಾವಲಿಯಂಥ ಒಂದು ತಟ್ಟೆ ಇದೆ, ತೊಂಬತ್ತಾರು ಗುಳಿ. ಗುಳಿಗಳಲ್ಲಿ ಚರ್ಮದ ಜೀವಕೋಶಗಳನ್ನು ಬೆಳೆಸಿ, ಬೆಳ್ಳಿ ಬಿಟ್ಟು, ಒಂದು ದಿನ ಕಾದು, ಹಳದಿ ದ್ರವವೊಂದನ್ನು ಹಾಕುತ್ತೇವೆ. ಕೋಶ ಬದುಕಿದ್ದರೆ ಹಳದಿ ನೇರಳೆಯಾಗುತ್ತದೆ. ಸತ್ತಿದ್ದರೆ ಹಳದಿಯಾಗಿಯೇ ಉಳಿಯುತ್ತದೆ. ನಿನ್ನೆ ತಟ್ಟೆ ತೆಗೆದರೆ ಸಾಲಿಗೆ ಸಾಲೇ ನೇರಳೆ. ನೂರಕ್ಕೆ ತೊಂಬತ್ತೆರಡು ಬದುಕಿದ್ದವು. ನಮ್ಮ ಗುರುಗಳು ಬು ವಿದರ್ತಿ ಯಾರನ್ನೂ ಹೊಗಳುವವರಲ್ಲ. ಅವರೂ ತಟ್ಟೆಯನ್ನು ಬೆಳಕಿಗೆ ಹಿಡಿದು, "ಭೇಷ್ ಕಣೇ. ಮುಲಾಮು ಮಾಡಿ, ಆಗಸ್ಟ್ ಕೊನೇಲಿ ಒಪ್ಪಿಗೆ ತಗೊಂಡು ಹನ್ನೆರಡು ಜನ ರೋಗಿಗಳಿಗೆ ಹಚ್ಚಿ ನೋಡೋಣ" ಎಂದರು.

ನಿಮ್ಮ ಪಾದ ಹೇಗಿದೆ? ಮಾರ್ಚಿನಲ್ಲಿ ಕರಗಿದ ಬೆಳ್ಳಿ ಬಿದ್ದ ಗಾಯ ಜೂನಿಗೂ ಮಾಗಿಲ್ಲವೆಂದರೆ ಸಕ್ಕರೆ ಕಾಯಿಲೆ ಹಿಡಿತದಲ್ಲಿಲ್ಲ. ದಯವಿಟ್ಟು ಸಿಹಿ ಚಹಾ ಬಿಡಿ.

ನಿಮ್ಮ ಪಾದಕ್ಕೆರಗುವ
ಪ್ರಿಹತಿನ್


ಕೊತಗೆದೆ, ಜಾವಾ
೨೩ ಜೂನ್

ಮಗಳು ತಿನ್‌ಗೆ ಅಪ್ಪನ ಆಶೀರ್ವಾದ.

ನಿನ್ನ ಪತ್ರವನ್ನು ಓಣಿಯಲ್ಲಿ ಆರು ಮನೆಗೆ ಓದಿ ಹೇಳಿದೆ. ಏಳನೆಯ ಮನೆಯವರು ನನ್ನನ್ನು ಕಂಡ ಕೂಡಲೇ ಬಾಗಿಲು ಹಾಕಿಕೊಂಡರು. ನಿನ್ನಮ್ಮ ಇದ್ದಾಗ ನೀನು ಬಿದ್ದುಬಂದ ಗಾಯಕ್ಕೆಲ್ಲ ವೀಳ್ಯದೆಲೆ ಕುದಿಸಿದ ನೀರನ್ನೇ ಸುರಿಯುತ್ತಿದ್ದಳು. ಅಷ್ಟನ್ನು ಕಲಿಯಲು ಸಮುದ್ರ ದಾಟಿ ಏಳು ವರ್ಷ ಓದಬೇಕಾಯಿತಲ್ಲ ಎಂದು ನಗು ಬಂತು. ಹೆಮ್ಮೆಯೂ ಆಯಿತು, ಅದನ್ನು ಮುಚ್ಚಿಟ್ಟುಕೊಳ್ಳುವ ವಯಸ್ಸಲ್ಲ ನನ್ನದು.

ಪಾದ ಹಾಗೇ ಇದೆ. ವಾಸನೆ ಬರುತ್ತದೆ. ಬು ತುಗಿನೆಮ್ ಸಿಹಿ ಕಿಪೊ ಕಡುಬು ತಂದುಕೊಡುವಾಗ ಹೊಸಿಲಲ್ಲೇ ನಿಂತು ಕೈ ಚಾಚುತ್ತಾಳೆ. (ಒಂದೇ ತಿಂದೆ. ಎರಡಲ್ಲ.) ಆಸ್ಪತ್ರೆಯ ಹೊಸ ಡಾಕ್ಟರು, "ಯಜಮಾನ್ರೇ, ಹೆಬ್ಬೆರಳು ತೆಗೀಬೇಕಾಗ್ಬೋದು, ಮನಸ್ಸು ಗಟ್ಟಿ ಮಾಡ್ಕೊಳ್ಳಿ" ಅಂದ. ನಾನು "ಹೌದು ಹೌದು" ಅಂದೆ. ನಮ್ಮ ಜಾವಾದವರು ಎರಡು ಸಲ ಹೌದು ಅಂದರೆ ಇಲ್ಲ ಅಂತ ಅವನಿಗೆ ಗೊತ್ತಿಲ್ಲ, ಸುಮಾತ್ರದ ಹುಡುಗ.

ಆದ್ದರಿಂದ ನಿನ್ನ ಮುಲಾಮು ಒಂದು ಡಬ್ಬಿ ಕಳಿಸು. ಬೆಳ್ಳಿ ಸುಟ್ಟದ್ದನ್ನು ಬೆಳ್ಳಿಯೇ ಮಾಗಿಸಲಿ.

ಒಂದು ಮಾತು, ಕಸುಬಿನವನ ಕುತೂಹಲ ಅಷ್ಟೆ. ಗಿರಾಕಿ ತಂದ ಬೆಳ್ಳಿಯನ್ನು ನಾವು ಒರೆಗಲ್ಲಿಗೆ ತಿಕ್ಕಿ, ಗೆರೆಯ ಮೇಲೆ ಆಮ್ಲ ಬಿಟ್ಟು, ಉಪ್ಪುನೀರು ತೊಟ್ಟಿಕ್ಕಿಸುತ್ತೇವೆ. ಬೆಳ್ಳಿ ನಿಜವಾದರೆ ಮೊಸರಿನ ಹಾಗೆ ಬೆಳ್ಳಗಾಗುತ್ತದೆ. ಆದರೆ ಅದಕ್ಕೂ ಮೊದಲು ನನ್ನಪ್ಪ ಬರೀ ಕಲ್ಲಿನ ಮೇಲೆ ಒಂದು ಹನಿ ಬಿಡಿಸುತ್ತಿದ್ದ. ಹಿಂದಿನ ಗೆರೆಯ ಬೆಳ್ಳಿ ಕಲ್ಲಿನಲ್ಲೇ ಉಳಿದಿದ್ದರೆ, ಗಿರಾಕಿ ತವರ ತಂದರೂ ಕಲ್ಲು ಬೆಳ್ಳಗಾಗಿ ಹೌದು ಅನ್ನುತ್ತದೆ. ನಿಮ್ಮಲ್ಲೂ ಹಾಗೆ ಬರೀ ಕಲ್ಲನ್ನು ನೋಡುತ್ತಾರಾ?

ನಿನ್ನ ಅಪ್ಪ
ಹರ್ಜೊಸುವಿತೊ


ಮಕಾಸ್ಸರ್
೧ ಜುಲೈ

ಪೂಜ್ಯ ಅಪ್ಪನವರಿಗೆ,

ಡಬ್ಬಿ ಕಳಿಸಲಾರೆ. ಮನುಷ್ಯರಿಗೆ ಹಚ್ಚಲು ಇನ್ನೂ ಒಪ್ಪಿಗೆ ಬಂದಿಲ್ಲ. ಬೇರೆ ಯಾರಾದರೂ ಕೇಳಿದ್ದರೆ ಇಷ್ಟೇ ಬರೆದು ಮುಗಿಸುತ್ತಿದ್ದೆ. ನೀವು ಕೇಳಿದ್ದರಿಂದ ಎರಡು ದಿನ ಊಟ ಸೇರಲಿಲ್ಲ ಎಂದೂ ಬರೆಯುತ್ತಿದ್ದೇನೆ.

ನಿಮ್ಮ ಬರೀ ಕಲ್ಲಿನ ಪ್ರಶ್ನೆಯನ್ನು ಗುರುಗಳ ಮುಂದಿಟ್ಟೆ. ಕೋಶಗಳೇ ಇಲ್ಲದ ಗುಳಿಗೆ ಬೆಳ್ಳಿ ಮತ್ತು ಹಳದಿ ದ್ರವ ಹಾಕಿ ನೋಡೋಣವೇ ಎಂದೆ. ಅವರು ಕನ್ನಡಕದ ಮೇಲಿನಿಂದ ನೋಡಿದರು. "ಕೋಶಾನೇ ಇಲ್ದಿದ್ರೆ ನೇರಳೆ ಮಾಡೋರು ಯಾರಮ್ಮ? ಸುಮ್ನೆ ಒಂದು ತಟ್ಟೆ ದಂಡ."

"ಹೌದು ಗುರುಗಳೇ" ಎಂದೆ. ಒಂದೇ ಸಲ ಅಂದೆ. ಅವರ ಎದುರು ಎರಡನೆಯ ಮಾತಾಡುವವರು ನಮ್ಮಲ್ಲಿ ಯಾರೂ ಇಲ್ಲ.

ಆಸ್ಪತ್ರೆಗೆ ಹೋಗುವುದನ್ನು ಬಿಡಬೇಡಿ.

ನಿಮ್ಮ
ಪ್ರಿಹತಿನ್


ಕೊತಗೆದೆ
೧೦ ಜುಲೈ

ತಿನ್,

ಆಗಸ್ಟ್ ಹತ್ತಕ್ಕೆ ದಿನ ಗೊತ್ತು ಮಾಡಿದ್ದಾರೆ. ಹೆಬ್ಬೆರಳು, ಬೇಕಾದರೆ ಪಕ್ಕದ್ದೂ.

ನೀನು ಚಿಕ್ಕವಳಿದ್ದಾಗ ನನ್ನೆದುರು ಕೂತು ನೋಡುತ್ತಿದ್ದೆ. ಅರಗಿನ ಹಲಗೆಯ ಮೇಲೆ ತಗಡು ಕೂರಿಸಿ ಹೂಬಳ್ಳಿ ಕೊರೆಯುವಾಗ ಎರಡು ಕೈಯಲ್ಲೂ ಉಳಿ, ಸುತ್ತಿಗೆ. ಹಲಗೆಯನ್ನು ಒತ್ತಿ ಹಿಡಿಯುವುದು ಎಡಗಾಲಿನ ಬೆರಳು. ನಲವತ್ತು ವರ್ಷದಿಂದ ಹಿಡಿದಿದೆ. ಅದನ್ನು ಕತ್ತರಿಸಿದರೆ ನಾನು ಸಾಯುವುದಿಲ್ಲ ಎಂದು ಡಾಕ್ಟರು ಹೇಳಿದ. ಸಾಯದೆ ಏನು ಮಾಡಬೇಕು ಎಂದು ಹೇಳಲಿಲ್ಲ.

ನನಗೆ ಹೆದರಿಕೆಯಾಗಿದೆ ಮಗಳೇ. ನೂರಕ್ಕೆ ತೊಂಬತ್ತೆರಡು ಅಂದೆಯಲ್ಲ. ಅಷ್ಟು ಸಾಕು ನನಗೆ.

ಅಪ್ಪ


ಮಕಾಸ್ಸರ್
೧೬ ಜುಲೈ

ಅಪ್ಪನವರಿಗೆ,

ಈ ಪತ್ರವನ್ನೂ ಒಂದು ಡಬ್ಬಿಯನ್ನೂ ತಂದುಕೊಟ್ಟವಳು ನನ್ನ ಕೋಣೆಯ ಗೆಳತಿ. ಅವಳಿಗೆ ಚಹಾ ಕೊಡಿ. ಡಬ್ಬಿಯಲ್ಲಿ ಏನಿದೆ ಎಂದು ಅವಳಿಗೆ ಗೊತ್ತಿಲ್ಲ. ಗುರುಗಳಿಗೂ ಗೊತ್ತಿಲ್ಲ.

ದಿನಕ್ಕೆ ಒಂದೇ ಸಲ, ತೆಳ್ಳಗೆ. ಯಾರಿಗೂ ಹೇಳಬೇಡಿ, ಯಾರಿಗೂ ಕೊಡಬೇಡಿ.

ಪ್ರಿಹತಿನ್


ಕೊತಗೆದೆ
೪ ಆಗಸ್ಟ್

ಮಗಳು ತಿನ್‌ಗೆ,

ವಾಸನೆ ಹೋಯಿತು. ಮೂರೇ ದಿನಕ್ಕೆ. ಬು ತುಗಿನೆಮ್ ಈಗ ಒಳಗೆ ಬಂದು ನನ್ನ ಪಕ್ಕದಲ್ಲೇ ಕೂತು ಅರ್ಧ ಗಂಟೆ ಓಣಿಯ ಚಾಡಿ ಹೇಳಿ ಹೋಗುತ್ತಾಳೆ. ಇದೊಂದು ಅಡ್ಡಪರಿಣಾಮ ಎಂದು ನಿನ್ನ ಪುಸ್ತಕದಲ್ಲಿ ಬರೆದುಕೊ.

ಕೀವು ನಿಂತಿದೆ. ನೋವಂತೂ ಇಲ್ಲವೇ ಇಲ್ಲ, ಸೂಜಿ ಚುಚ್ಚಿದರೂ ಗೊತ್ತಾಗುವುದಿಲ್ಲ. ಗಾಯದ ಅಂಚು ಬೂದು ಬಣ್ಣಕ್ಕೆ ತಿರುಗಿದೆ, ಅದು ಬೆಳ್ಳಿಯದೇ ಬಣ್ಣವಿರಬೇಕು. ಒಂದು ಸಲಕ್ಕೆ ಇಷ್ಟು ಗುಣ ಕಂಡರೆ ಮೂರು ಸಲಕ್ಕೆ ಎಷ್ಟು ಎಂದು ದಿನಕ್ಕೆ ಮೂರು ಸಲ ದಪ್ಪಗೆ ಹಚ್ಚುತ್ತಿದ್ದೇನೆ. ಬೈಯಬೇಡ.

ಹತ್ತನೇ ತಾರೀಖು ಆಸ್ಪತ್ರೆಗೆ ಹೋಗುವುದಿಲ್ಲ. ಡಾಕ್ಟರಿಗೆ ಹೌದು ಹೌದು ಅಂದು ಬಂದಿದ್ದೇನೆ. ಯಾರಿಗೂ ಹೇಳಬೇಡ ಅಂದಿದ್ದೆ, ಹೇಳಲಿಲ್ಲ. ಅವರೇ ನೋಡಿ ಕೇಳಿದರೆ ಸುಳ್ಳು ಹೇಳಲಾಗುತ್ತದೆಯೇ? "ನಮ್ಮ ತಿನ್ ಮಾಡಿದ್ದು" ಅಂದೆ. ಈಗ ಓಣಿಯಲ್ಲಿ ನಾನು ಎಡಗಾಲನ್ನೇ ಮುಂದಿಟ್ಟು ನಡೆಯುತ್ತೇನೆ.

ಅಂದಹಾಗೆ, ಬರೀ ಕಲ್ಲನ್ನು ನೋಡಿದಿರಾ? ನಿನ್ನ ಗುರುಗಳಿಗೆ ತಟ್ಟೆ ದಂಡವಾದರೆ ನಾನು ಬೆಳ್ಳಿಯದೇ ಒಂದು ತಟ್ಟೆ ಮಾಡಿಕೊಡುತ್ತೇನೆ ಅನ್ನು.

ನಿನ್ನ ಅಪ್ಪ


ಮಕಾಸ್ಸರ್
೧೩ ಆಗಸ್ಟ್

ಪೂಜ್ಯ ಅಪ್ಪನವರಿಗೆ,

ನಿಮ್ಮ ಪತ್ರ ನಿನ್ನೆ ಬೆಳಿಗ್ಗೆ ತಲುಪಿತು. ವಾಸನೆ ಹೋದದ್ದು ಕೇಳಿ ಸಂತೋಷವಾಯಿತು. ಬು ತುಗಿನೆಮ್ ಅವರಿಗೆ ನನ್ನ ನಮಸ್ಕಾರ ತಿಳಿಸಿ.

ನೀವು ಹೇಳಿದ ಬರೀ ಕಲ್ಲಿನ ಪರೀಕ್ಷೆಯನ್ನು, ಗುರುಗಳು ಜಕಾರ್ತಾಕ್ಕೆ ಹೋಗಿದ್ದರಿಂದ ಬಿಡುವಾಗಿ, ನಿನ್ನೆ ಮಾಡಿ ನೋಡಿದೆ. ಕಲ್ಲು ಸ್ವಲ್ಪ ಬೆಳ್ಳಗಾಯಿತು. ಇನ್ನೊಮ್ಮೆ ನೋಡುವುದು ಒಳ್ಳೆಯದು ಅನಿಸುತ್ತದೆ.

ಅಲ್ಲಿಯವರೆಗೆ, ನಿಮಗೆ ತೊಂದರೆಯಾಗದಿದ್ದರೆ, ಮುಲಾಮಿಗೆ ಕೆಲವು ದಿನ ಬಿಡುವು ಕೊಟ್ಟರೆ ಹೇಗೆ ಎಂದು ಯೋಚಿಸುತ್ತಿದ್ದೆ. ನೋವು ಇಲ್ಲದಿರುವುದನ್ನೂ ಒಮ್ಮೆ ಡಾಕ್ಟರಿಗೆ ಹೇಳಬಹುದಿತ್ತೇನೋ.

ರೋಜಾ ಉಪವಾಸದ ತಿಂಗಳು ಬರುತ್ತಿದೆ. ನಿಮ್ಮ ಆರೋಗ್ಯ ಮುಖ್ಯ.

ನಿಮ್ಮ
ಪ್ರಿಹತಿನ್


ಕೊತಗೆದೆ
೨೧ ಆಗಸ್ಟ್

ತಿನ್‌ಗೆ ಆಶೀರ್ವಾದ.

ಪತ್ರ ಬಂತು. ನೀನು ಫೋನು ಮಾಡಿದ್ದೆ ಎಂದು ಬು ತುಗಿನೆಮ್ ಬಂದು ಹೇಳಿದಳು. ಬಾಗಿಲಲ್ಲಿ ಬಹಳ ಹೊತ್ತು ಸೆರಗು ತಿರುವುತ್ತ ನಿಂತಿದ್ದಳು. ಆಮೇಲೆ ನನ್ನ ಕಿವಿಯ ಹತ್ತಿರ, "ತಿನ್ ಅತ್ಲು... ಅಲ್ಲ, ನಕ್ಲು. ಅಪ್ಪನ್ ಕಾಲು ಜೋಪಾನ ಅಂದ್ಲು. ಮುಲಾಮು ಅದೂ ಇದೂ ಏನೋ ಅಂದ್ಲಪ್ಪ, ಫೋನು ಕರಕರ ಅಂತಿತ್ತು" ಅಂದು ಕಡುಬು ಇಟ್ಟು ಓಡಿದಳು.

ಕಾಲು ಜೋಪಾನವಾಗಿದೆ. ಸ್ವಲ್ಪ ಊದಿರುವುದರಿಂದ ಚಪ್ಪಲಿ ಹಿಡಿಸುವುದಿಲ್ಲ. ಸಂಜೆಯಾದರೆ ಮೈ ಬೆಚ್ಚಗಾಗುತ್ತದೆ. ಅದೆಲ್ಲ ಸೆಕೆಗೆ. ನಾಳೆಯಿಂದ ಉಪವಾಸ, ಡಾಕ್ಟರು ಬೇಡ ಅಂದಿದ್ದಾನೆ, ಹೌದು ಹೌದು.

ಡಬ್ಬಿ ತಳ ಕಾಣುತ್ತಿದೆ. ಇನ್ನೊಂದು ಕಳಿಸು.

ಅಪ್ಪ


ಮಕಾಸ್ಸರ್
೨೭ ಆಗಸ್ಟ್, ಗುರುವಾರ

ಅಪ್ಪ,

ಹಚ್ಚಬೇಡ. ಇವತ್ತಿನಿಂದ, ಈ ಸಾಲು ಓದಿದ ಕ್ಷಣದಿಂದ. ಡಬ್ಬಿಯನ್ನು ಬಿಸಾಡು. ಆಸ್ಪತ್ರೆಗೆ ಹೋಗು.

ಪತ್ರ ತಲುಪುವಷ್ಟು ಹೊತ್ತು ಕಾಯಲಾರೆ ಎಂದು ಬು ತುಗಿನೆಮ್ ಅವರಿಗೆ ಈಗಷ್ಟೇ ಫೋನು ಮಾಡಿದೆ. "ನಿಮ್ಮಪ್ಪಂಗೆ ಹಂಗೆ ಮುಖಕ್ಕೆ ಹೊಡ್ದಂಗೆ ಹೇಳಕ್ಕಾಗಲ್ಲಮ್ಮ, ಹಿರಿಯರು" ಎಂದು ಅವರು ಅತ್ತರು. "ಬಾಯಲ್ಲಿ ಹೇಳ್ಬೇಡಿ, ಅಪ್ಪನ ಕೆಲಸದ ಕೋಣೆ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೀರಿ" ಎಂದೆ. "ಹಚ್ಚಬೇಡ", ಕೆಳಗೆ "ತಿನ್". ಎರಡೇ ಮಾತು. ಬರೆದು ಬಂದು ಅಕ್ಷರ ಅಕ್ಷರವಾಗಿ ಓದಿ ಹೇಳುವವರೆಗೂ ಫೋನು ಇಡಲಿಲ್ಲ.

ಹೋದ ಪತ್ರದಲ್ಲಿ ನಿನಗೆ ಸುಳ್ಳು ಬರೆದೆ. ಕಲ್ಲು ಸ್ವಲ್ಪ ಬೆಳ್ಳಗಾಗಲಿಲ್ಲ. ಒಂದೇ ಒಂದು ಕೋಶವಿಲ್ಲದ ಗುಳಿಗಳು, ಬರೀ ಬೆಳ್ಳಿ, ಬರೀ ಹಳದಿ ದ್ರವ. ಒಂದು ಗಂಟೆಯಲ್ಲಿ ಎಲ್ಲವೂ ಕಡು ನೇರಳೆ. ಕಣಕ್ಕೆ ಅಂಟಿರುವ ವೀಳ್ಯದೆಲೆಯ ಸತ್ವವೇ ಆ ಬಣ್ಣವನ್ನು ತಿರುಗಿಸುತ್ತದೆ. ಸತ್ತ ಕೋಶಗಳ ಪರವಾಗಿ ಬೆಳ್ಳಿಯೇ ಹೌದು ಹೌದು ಅನ್ನುತ್ತಿತ್ತು. ನಾನು ಅದನ್ನು ನಂಬಿ ತೊಂಬತ್ತೆರಡು ಎಂದು ಬರೆದುಕೊಂಡೆ.

ಇನ್ನೂ ಒಂದಿದೆ. ಜೂನಿನಲ್ಲೇ ಸೂಕ್ಷ್ಮದರ್ಶಕದ ಕೆಳಗೆ ಕೆಲವು ಕೋಶಗಳು ದುಂಡಗಾಗಿ ತಳ ಬಿಟ್ಟು ತೇಲುತ್ತಿದ್ದುದನ್ನು ಕಂಡಿದ್ದೆ. ಸಾಯುವ ಕೋಶ ಹಾಗೆ ಇರುತ್ತದೆ. ಬೆಳ್ಳಿಯ ನೆರಳಿರಬೇಕು ಎಂದುಕೊಂಡೆ. ನನಗೆ ಹಾಗೆ ಅಂದುಕೊಳ್ಳುವುದು ಬೇಕಿತ್ತು.

ನಿನ್ನ ಗಾಯದಲ್ಲಿ ಸೂಕ್ಷ್ಮಜೀವಿಗಳು ಸತ್ತವು, ಅದಕ್ಕೇ ವಾಸನೆ ಹೋಯಿತು. ಅವುಗಳ ಜೊತೆಗೆ ಹೊಸದಾಗಿ ಬೆಳೆಯಬೇಕಾಗಿದ್ದ ಚರ್ಮವೂ ಸಾಯುತ್ತಿದೆ. ಬೂದು ಬಣ್ಣ ಬೆಳ್ಳಿಯದಲ್ಲ ಅಪ್ಪ.

ವಿಮಾನ ಹತ್ತಿ ಬರಬೇಕು, ಬರುತ್ತಿಲ್ಲ. ಸೋಮವಾರ ಬೆಳಿಗ್ಗೆ ಒಪ್ಪಿಗೆಯ ಸಭೆ. ಗುರುಗಳು ಜಕಾರ್ತಾದಿಂದ ಶನಿವಾರ ಬರುತ್ತಾರೆ. ನಾನಿಲ್ಲದಿದ್ದರೆ ಸಭೆ ತೊಂಬತ್ತೆರಡನ್ನು ನೋಡಿ ಸಹಿ ಹಾಕುತ್ತದೆ, ಮಂಗಳವಾರ ಹನ್ನೆರಡು ಕಾಲುಗಳಿಗೆ ಇದೇ ಮುಲಾಮು. ಆ ಹನ್ನೆರಡು ಜನ ನನಗೆ ಏನೂ ಅಲ್ಲ, ನೀನು ನನ್ನ ಅಪ್ಪ. ಆದರೂ ಇಲ್ಲೇ ನಿಲ್ಲುತ್ತಿದ್ದೇನೆ. ಇದನ್ನು ಹೇಗೆ ಕ್ಷಮಿಸುವೆಯೋ ಗೊತ್ತಿಲ್ಲ.

ತಿನ್


ಯೋಗ್ಯಕರ್ತಾ, ಆಸ್ಪತ್ರೆ
೭ ಸೆಪ್ಟೆಂಬರ್

ಮಗಳು ತಿನ್‌ಗೆ ಅಪ್ಪನ ಆಶೀರ್ವಾದ.

ಮಲಗಿಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಅದು ದಿಂಬಿನ ತಪ್ಪು.

ಮೂರು ಬೆರಳು ಹೋದವು. ಹೆಬ್ಬೆರಳು, ಅದರ ಪಕ್ಕದ ಎರಡು. ಪಾದ ಉಳಿಯಿತು. ಇನ್ನು ನಾಲ್ಕು ದಿನ ಬಿಟ್ಟು ಬಂದಿದ್ದರೆ ಮೊಣಕಾಲಿನವರೆಗೆ ಹೋಗುತ್ತಿತ್ತು ಎಂದು ಸುಮಾತ್ರದ ಹುಡುಗ ಹೇಳಿದ. ಒಳ್ಳೆಯ ಹುಡುಗ, ಸುಮ್ಮನೆ ಆಡಿಕೊಂಡೆ. "ಏನ್ ಹಚ್ಚಿದ್ರಿ ಯಜಮಾನ್ರೇ?" ಅಂದ. "ನನ್ ಮಗಳು ಮಾಡಿದ್ದು" ಅಂದೆ. "ಯಾರ್ ಹೇಳಿದ್ರು ಹಚ್ಚಕ್ಕೆ?" ಅಂದ. "ಯಾರೂ ಹೇಳಿಲ್ಲ, ನಾನೇ ಬೇಡಿ ತರಿಸ್ಕೊಂಡೆ" ಅಂದೆ. ಬರೆದುಕೊಂಡ.

ಬು ತುಗಿನೆಮ್ ಬಾಗಿಲಿಡೀ ಬರೆದಿದ್ದಳು. ಆಳೆತ್ತರದ ಅಕ್ಷರ. ಓಣಿಯವರೆಲ್ಲ ಓದಿಯಾದ ಮೇಲೆ ನಾನು ಓದಿದೆ. ನಿನ್ನ ಪತ್ರ ಐದು ದಿನ ಬಿಟ್ಟು ಆಸ್ಪತ್ರೆಗೇ ಬಂತು. ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ ನನಗೆ ನೀನು ಅಂದೆ. ನಿನ್ನಮ್ಮ ಇದ್ದಿದ್ದರೆ ಕೆನ್ನೆಗೆ ಬಿಡುತ್ತಿದ್ದಳು. ನನಗೆ ಹಿತವಾಗಿತ್ತು.

ಈಗ ನನ್ನ ಸರದಿ. ಮನಸ್ಸಿನಲ್ಲಿಟ್ಟುಕೊಂಡು ಮಲಗಲು ಆಗುತ್ತಿಲ್ಲ.

ನಿನ್ನ ಹದಿಮೂರನೇ ತಾರೀಖಿನ ಪತ್ರ ನನಗೆ ಅಂದೇ ಅರ್ಥವಾಗಿತ್ತು. ಕಲ್ಲು ಸ್ವಲ್ಪ ಬೆಳ್ಳಗಾಯಿತು ಎಂದು ಬರೆದೆಯಲ್ಲ, ನಾನು ಅಕ್ಕಸಾಲಿ. ಬರೀ ಕಲ್ಲು ಸ್ವಲ್ಪ ಬೆಳ್ಳಗಾಗುವುದು ಎಂಬುದಿಲ್ಲ. ಬೆಳ್ಳಗಾದರೆ ಮುಗಿಯಿತು, ಆ ದಿನದ ಒರೆಯೆಲ್ಲ ಸುಳ್ಳು. ಬು ತುಗಿನೆಮ್ ಬಾಗಿಲಲ್ಲಿ ನಿಂತು ತಡವರಿಸಿದ್ದೂ ಅರ್ಥವಾಯಿತು. ನೀನು ಅತ್ತೆ ಎಂಬುದೂ.

ಆದರೂ ಎಂಟು ದಿನ ಹಚ್ಚಿದೆ. ದಿನಕ್ಕೆ ಮೂರು ಸಲ. ಆರು ಮನೆಗೆ ಓದಿ ಹೇಳಿದ್ದೆನಲ್ಲ, ಎಡಗಾಲು ಮುಂದಿಟ್ಟು ನಡೆದಿದ್ದೆನಲ್ಲ. ಹಚ್ಚುವುದನ್ನು ಬಿಟ್ಟರೆ ನನ್ನ ಮಗಳ ಕೆಲಸ ಸುಳ್ಳು ಎಂದು ನಾನೇ ಡಂಗುರ ಹೊಡೆದ ಹಾಗೆ. ನೀನು ಬೇಡ ಎಂದು ಬಾಯಿಬಿಟ್ಟು ಹೇಳಿರಲಿಲ್ಲ. ಹೇಳದೆ ಇದ್ದದ್ದರ ಮರೆಯಲ್ಲಿ ನಾನು ಕೂತೆ. ನೀನು ನನಗೆ ಮರ್ಯಾದೆ ಕೊಟ್ಟೆ, ನಾನು ನಿನಗೆ ಕೊಟ್ಟೆ, ನಡುವೆ ಬೆರಳು ಹೋದವು. ಆದ್ದರಿಂದ ಮೂರನ್ನೂ ನಿನ್ನ ತಲೆಗೆ ಕಟ್ಟಿಕೊಳ್ಳಬೇಡ. ಹೆಬ್ಬೆರಳು ಹೇಗೂ ಹೋಗಬೇಕಾದದ್ದೇ. ಉಳಿದ ಎರಡರಲ್ಲಿ ಒಂದನ್ನು ನೀನು ಇಟ್ಟುಕೊ, ಇನ್ನೊಂದು ನನ್ನದು.

ಸೋಮವಾರ ಏನಾಯಿತು ಎಂದು ನೀನು ಬರೆದಿಲ್ಲ. ಕಲ್ಲಿನ ಪಾಲನ್ನು ಕಳೆದರೆ ನೂರಕ್ಕೆ ಎಷ್ಟು ಬದುಕುತ್ತವೆ? ಸರಿಯಾದ ಸಂಖ್ಯೆ ಬರೆ. ನೀನು ಜೂನಿನಲ್ಲಿ ಬರೆದ ಸಂಖ್ಯೆಯನ್ನು ಓಣಿಗೆ ಓದಿ ಹೇಳಿದವನು ನಾನು. ಇದನ್ನೂ ಓದಿ ಹೇಳುತ್ತೇನೆ, ಏಳನೆಯ ಮನೆಗೂ ಸೇರಿಸಿ.

ನಿನ್ನ ಅಪ್ಪ
ಹರ್ಜೊಸುವಿತೊ


ಮಕಾಸ್ಸರ್
೧೩ ಸೆಪ್ಟೆಂಬರ್

ಅಪ್ಪ,

ನೂರಕ್ಕೆ ಹನ್ನೊಂದು.

ಸತ್ತ ಕೋಶ ಮಾತ್ರ ನೀಲಿಯಾಗುವ ಬೇರೊಂದು ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗೆ ಒಂದೊಂದನ್ನೇ ಕಣ್ಣಿನಿಂದ ಎಣಿಸಿದೆ. ಮೂರು ಸಲ ಎಣಿಸಿದರೂ ಹನ್ನೊಂದೇ. ಸಭೆಯ ಹಿಂದಿನ ದಿನ, ಭಾನುವಾರವೇ ಗುರುಗಳ ಮನೆಗೆ ಹೋಗಿ ಕೋಶವಿಲ್ಲದೆಯೂ ನೇರಳೆಯಾದ ತಟ್ಟೆಯನ್ನು ಮೇಜಿನ ಮೇಲಿಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು, "ಸಭೇಲಿ ಇದನ್ನ ಹೇಳ್ಲೇಬೇಕಾ? ಸ್ವಲ್ಪ ತಡ ಆಗುತ್ತೆ ಅಂದ್ರೆ ಸಾಲ್ದಾ?" ಎಂದರು. "ಸಾಲಲ್ಲ ಗುರುಗಳೇ" ಎಂದೆ. ಸೋಮವಾರ ಎದ್ದು ನಿಂತು ಹೇಳಿದೆ. ನಿಮ್ಮ ಕಾಲಿನ ವಿಷಯವನ್ನೂ, ಡಬ್ಬಿಯನ್ನು ಕದ್ದು ಕಳಿಸಿದವಳು ನಾನೇ ಎಂಬುದನ್ನೂ ಹೇಳಿದೆ. ಹನ್ನೆರಡು ಮಂದಿಗೆ ಮುಲಾಮು ಹೋಗಲಿಲ್ಲ. ಪ್ರಯೋಗಾಲಯದ ಬೀಗದಕೈ ನನ್ನಿಂದ ತೆಗೆದುಕೊಂಡರು. ಮತ್ತೆ ಕೊಡುತ್ತಾರೋ ಇಲ್ಲವೋ ಉಪವಾಸ ಮುಗಿದು ಹಬ್ಬ ಆದ ನಂತರ ತಿಳಿಯುತ್ತದೆ.

ಹಬ್ಬಕ್ಕೆ ಎರಡು ದಿನ ಮೊದಲೇ ಬರುತ್ತೇನೆ. ಹಬ್ಬದ ದಿನ ಮಕ್ಕಳೆಲ್ಲ ಹೊಸ ಬಟ್ಟೆಯಲ್ಲಿ ಅಪ್ಪಂದಿರ ಮೊಣಕಾಲಿಗೆ ಹಣೆ ಹಚ್ಚಿ, ತಿಳಿದೂ ತಿಳಿಯದೆಯೂ ಮಾಡಿದ ತಪ್ಪು ಕ್ಷಮಿಸಿ ಎಂದು ಒಂದೇ ಉಸಿರಿನಲ್ಲಿ ಹೇಳಿ ಏಳುತ್ತಾರೆ. ನಾನೂ ಇಷ್ಟು ವರ್ಷ ಹಾಗೇ ಹೇಳಿ ಎದ್ದಿದ್ದೇನೆ. ಈ ಸಲ ಒಂದೊಂದಾಗಿ ಹೇಳುತ್ತೇನೆ, ನಿಮಗೆ ಕೇಳಿಸುವಷ್ಟು ಗಟ್ಟಿಯಾಗಿ. ಓಣಿಗೆ ಕೇಳಿಸಿದರೆ ಕೇಳಿಸಲಿ.

ಅದಕ್ಕೂ ಮೊದಲು ಗಾಯ ತೊಳೆಯಬೇಕು. ನಾನು ಬರುವವರೆಗೆ ಆಸ್ಪತ್ರೆಯವರು ಕೊಟ್ಟದ್ದು ಬಿಟ್ಟು ಬೇರೆ ಏನನ್ನೂ ಹಚ್ಚಿಸಿಕೊಳ್ಳಬೇಡಿ. ಕಾಯಿಸಿ ಆರಿಸಿದ ಉಪ್ಪುನೀರಿನಲ್ಲಿ ನಾನೇ ತೊಳೆಯುತ್ತೇನೆ.

ನಿಮ್ಮ
ತಿನ್